ಪುಸ್ತಕಕ್ಕೊಂದು ಸಂಕೇತ, ಓದುಗನಿಗೊಂದು ದಾರಿ

(ಶಿಕಾಗೋ ಮತ್ತು ಡೆಟ್ರಾಯಿಟ್ ಪರಿಸರದ ಕನ್ನಡ ಕುಟುಂಬಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಾಠ)



ವೈದ್ಯನೊಬ್ಬನನ್ನು ಅತಿಥಿಯಾಗಿ ಕರೆದಾಗ ಆತ ಹೃದಯದ ಬಗ್ಗೆಯೋ ಸಕ್ಕರೆ ಕಾಯಿಲೆಯ ಬಗ್ಗೆಯೋ ಮಾತನಾಡುತ್ತಾನೆ ಎಂದು ನಿರೀಕ್ಷಿಸುವುದು ಸಹಜ. ಆದರೆ ಈಗಷ್ಟೇ ಹೋಳಿಗೆಯ ಊಟ ಮುಗಿಸಿ ಕುಳಿತಿರುವ ತಮ್ಮ ಸಂತೋಷವನ್ನು ಕೆಡಿಸುವ ಇಚ್ಛೆ ನನಗಿಲ್ಲ. ಇಂದು ನಾನು ಆರಿಸಿಕೊಂಡಿರುವ ವಿಷಯ ಬಹಳ ಚಿಕ್ಕದು, ಕೇಳಲು ನೀರಸವೂ ಹೌದು: ಗ್ರಂಥಾಲಯವೊಂದು ಪುಸ್ತಕಗಳನ್ನು ತರಿಸುವಾಗ ಪ್ರತಿಯೊಂದು ಪುಸ್ತಕದ ಮುಂದೆ ಬರೆಯುವ ವರ್ಗ ಸಂಕೇತ. ಈ ಸಂಕೇತವನ್ನು ಬರೆಯಲು ಕೆಲವೇ ಕ್ಷಣಗಳು ಸಾಕು. ಆದರೆ ಆ ಕ್ಷಣಗಳಲ್ಲಿ ಪುಸ್ತಕದ ಆಯುಷ್ಯ ನಿರ್ಧಾರವಾಗಿಬಿಡುತ್ತದೆ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು.

ನನ್ನ ಪರಿಚಯ ಎರಡೇ ಮಾತಿನಲ್ಲಿ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ 1990ರ ದಶಕದ ಮಧ್ಯದಲ್ಲಿ ರೆಸಿಡೆನ್ಸಿಗಾಗಿ ಡೆಟ್ರಾಯಿಟ್‌ಗೆ ಬಂದೆ. ಅನಂತರ ಶಿಕಾಗೋ ಬಳಿಯ ಉಪನಗರವೊಂದರಲ್ಲಿ ವೃತ್ತಿಯನ್ನು ಆರಂಭಿಸಿದೆ. ಎರಡೂ ಊರುಗಳ ಉಪ್ಪು ತಿಂದವನು ನಾನು. ಗ್ರಂಥಾಲಯ ವಿಜ್ಞಾನವನ್ನು ವಿಧಿವತ್ತಾಗಿ ಕಲಿತವನಲ್ಲ. ಆದರೆ ಸಂಕೇತಗಳ ವಿಷಯದಲ್ಲಿ ಮಾತ್ರ ತಕ್ಕಮಟ್ಟಿನ ಅನುಭವಸ್ಥ, ಏಕೆಂದರೆ ಈ ದೇಶದ ವೈದ್ಯನಿಗೆ ಸಂಕೇತ ಬರೆಯದೆ ಒಂದು ದಿನವೂ ಕಳೆಯುವುದಿಲ್ಲ.

ವೈದ್ಯನ ಸಂಕೇತ

1893ನೆಯ ಇಸವಿಯಲ್ಲಿ ಶಿಕಾಗೋ ನಗರದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದು ನಮ್ಮ ಮಕ್ಕಳಿಗೂ ಗೊತ್ತು. ಅದೇ ವರ್ಷ ಅದೇ ನಗರದಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸಭೆಯೂ ಸೇರಿತ್ತು. ಅಲ್ಲಿ ಫ್ರಾನ್ಸಿನ ಝಾಕ್ ಬೆರ್ಟಿಯೋನ್ ಎಂಬುವರು ಮರಣದ ಕಾರಣಗಳನ್ನು ವರ್ಗೀಕರಿಸಿದ ಪಟ್ಟಿಯೊಂದನ್ನು ಮಂಡಿಸಿದರು. ಇಂದು ಜಗತ್ತಿನ ಆಸ್ಪತ್ರೆಗಳೆಲ್ಲ ಬಳಸುವ ರೋಗಸಂಕೇತಗಳ ಮೂಲಪುರುಷ ಆ ಪಟ್ಟಿಯೇ. ನಾನು ಈ ದೇಶಕ್ಕೆ ಬಂದಾಗ ಅದರ ಒಂಬತ್ತನೆಯ ಪರಿಷ್ಕರಣ ಬಳಕೆಯಲ್ಲಿತ್ತು. ಸಾಮಾನ್ಯ ಮಧುಮೇಹಕ್ಕೆ 250.00 ಎಂದು ಬರೆಯುತ್ತಿದ್ದೆವು. 2015ರ ಅಕ್ಟೋಬರ್ 1ರಿಂದ ಹತ್ತನೆಯ ಪರಿಷ್ಕರಣ ಜಾರಿಗೆ ಬಂದು ಅದೇ ರೋಗ ಇ11.9 ಆಯಿತು. ರೋಗಿ ಅವನೇ, ಸಕ್ಕರೆ ಅದೇ. ಬದಲಾದದ್ದು ಸಂಕೇತ ಮಾತ್ರ.

ಸಂಕೇತ ತಪ್ಪಾದರೆ ಏನಾಗುತ್ತದೆ? ರೋಗಿಗೆ ಕೊಟ್ಟ ಔಷಧಿ ಸರಿಯಾಗಿಯೇ ಇರಬಹುದು. ಆದರೆ ವಿಮೆಯವರು ಹಣ ಕೊಡುವುದಿಲ್ಲ, ಮುಂದಿನ ವೈದ್ಯನಿಗೆ ರೋಗದ ಸುಳಿವು ಸಿಗುವುದಿಲ್ಲ, ಊರಿನ ಅಂಕಿಅಂಶಗಳಲ್ಲಿ ಆ ರೋಗ ಇದ್ದೂ ಇಲ್ಲದಂತಾಗುತ್ತದೆ. ಇನ್ನು ನಮ್ಮಲ್ಲಿ ಎಲ್ಲಕ್ಕಿಂತ ಸುಲಭವಾದ, ಎಲ್ಲಕ್ಕಿಂತ ಅಪಾಯಕಾರಿಯಾದ ಸಂಕೇತವೊಂದಿದೆ. ಅದರ ಹೆಸರು ‘ಇತರೆ’ ಅಥವಾ ‘ಅನಿರ್ದಿಷ್ಟ’. ದಣಿದ ವೈದ್ಯನ ಕೈ ತಾನಾಗಿಯೇ ಅದರ ಕಡೆಗೆ ಹೋಗುತ್ತದೆ. ಈ ‘ಇತರೆ’ ಎಂಬ ಮಾತನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಮತ್ತೆ ಬರುತ್ತದೆ.

ಆದೇಶದ ಒಂದು ಸಾಲು

ಇನ್ನು ಗ್ರಂಥಾಲಯಕ್ಕೆ ಬರೋಣ. ನಮ್ಮ ಉಪನಗರಗಳ ಸಾರ್ವಜನಿಕ ಗ್ರಂಥಾಲಯಗಳು ಸಾಮಾನ್ಯವಾಗಿ ಪುಸ್ತಕಗಳನ್ನು ಸಗಟು ಸರಬರಾಜುದಾರರ ಮೂಲಕ ತರಿಸುತ್ತವೆ. ಆದೇಶದ ಪಟ್ಟಿಯಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಸಾಲು. ಆ ಸಾಲಿನಲ್ಲಿ ಶೀರ್ಷಿಕೆ, ಲೇಖಕ, ಐ.ಎಸ್.ಬಿ.ಎನ್. ಸಂಖ್ಯೆ, ಪ್ರತಿಗಳ ಸಂಖ್ಯೆ ಇವುಗಳ ಜೊತೆಗೆ ಕೆಲವು ಸಂಕೇತಗಳಿರುತ್ತವೆ. ಯಾವ ಬಾಬ್ತಿನ ಹಣ ಎಂಬುದಕ್ಕೆ ಒಂದು. ಯಾವ ಶಾಖೆ ಎಂಬುದಕ್ಕೆ ಒಂದು. ವಯಸ್ಕರದೋ ಮಕ್ಕಳದೋ, ಕಥೆಯೋ ಕಥೇತರವೋ, ಯಾವ ಭಾಷೆಯದು ಎಂಬುದಕ್ಕೆ ಒಂದು. ಎಷ್ಟು ದಿನ ಎರವಲು ಎಂಬುದಕ್ಕೆ ಇನ್ನೊಂದು. ಅನೇಕ ಕಡೆ ಸರಬರಾಜುದಾರರೇ ಆ ಸಂಕೇತಗಳನ್ನು ನೋಡಿ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿ, ಕಪಾಟಿಗೆ ಸಿದ್ಧವಾಗಿಯೇ ಕಳುಹಿಸುತ್ತಾರೆ. ಪೆಟ್ಟಿಗೆ ಬಿಚ್ಚಿದವರು ಪುಸ್ತಕವನ್ನು ತೆರೆದು ನೋಡುವ ಪ್ರಮೇಯವೇ ಬರುವುದಿಲ್ಲ. ಕನ್ನಡ ಅಕ್ಷರ ಬಾರದವರು ತೆರೆದು ನೋಡಿದರೂ ತಿಳಿಯುವುದೇನು?

ಹೀಗೆ ಬರೆದ ಸಂಕೇತ ನಾಲ್ಕು ಕೆಲಸಗಳನ್ನು ಮಾಡುತ್ತದೆ. ಯಾರ ಹಣದಿಂದ ಪುಸ್ತಕ ಬಂತು ಎಂದು ಹೇಳುತ್ತದೆ. ಯಾವ ಕಪಾಟಿನಲ್ಲಿ ನಿಲ್ಲಬೇಕು ಎಂದು ಹೇಳುತ್ತದೆ. ಗಣಕದಲ್ಲಿ ಹುಡುಕಿದವನಿಗೆ ಕಾಣಬೇಕೋ ಬೇಡವೋ ಎಂದು ಹೇಳುತ್ತದೆ. ಕೊನೆಯದಾಗಿ, ವರ್ಷಾಂತ್ಯದಲ್ಲಿ ಲೆಕ್ಕ ನೋಡುವಾಗ ಯಾವ ವರ್ಗದ ಪುಸ್ತಕಗಳು ಎಷ್ಟು ಸಲ ಹೊರಹೋದವು ಎಂಬುದನ್ನು ಹೇಳುತ್ತದೆ. ಹಲವು ವರ್ಷ ಯಾರೂ ಮುಟ್ಟದ ಪುಸ್ತಕವನ್ನು ಕಪಾಟಿನಿಂದ ತೆಗೆಯುವುದು ಗ್ರಂಥಾಲಯದ ಧರ್ಮ. ತೋಟದಲ್ಲಿ ಕಳೆ ಕೀಳುವಂತೆ ಅದೂ ಆಗಬೇಕಾದ ಕೆಲಸವೇ. ಆದರೆ ಕಳೆ ಯಾವುದು ಪೈರು ಯಾವುದು ಎಂದು ಅಲ್ಲಿ ತೀರ್ಮಾನಿಸುವುದೂ ಆ ಸಂಕೇತವನ್ನು ನೋಡಿಯೇ.

ಕನ್ನಡದ ನೆರೆಹೊರೆ

ನಮ್ಮ ಭಾಷೆಗೆ ಈ ದೇಶದ ಗ್ರಂಥಾಲಯಗಳಲ್ಲಿ ಯಾವ ಮನೆ ನಂಬರು ಕೊಟ್ಟಿದ್ದಾರೆ ಎಂಬುದು ಸ್ವಾರಸ್ಯದ ವಿಷಯ. ಮೆಲ್ವಿಲ್ ಡ್ಯೂಯಿ 1876ರಲ್ಲಿ 44 ಪುಟಗಳ ಕಿರುಹೊತ್ತಗೆಯಾಗಿ ಪ್ರಕಟಿಸಿದ ದಶಮಾಂಶ ಪದ್ಧತಿಯನ್ನೇ ನಮ್ಮ ಬಹುತೇಕ ಸಾರ್ವಜನಿಕ ಗ್ರಂಥಾಲಯಗಳು ಇಂದಿಗೂ ಅನುಸರಿಸುತ್ತವೆ. ಅದರಲ್ಲಿ ಕನ್ನಡ ಭಾಷೆಗೆ 494.814, ಕನ್ನಡ ಸಾಹಿತ್ಯಕ್ಕೆ 894.814. ಕಾವ್ಯವಾದರೆ ಕೊನೆಗೆ 1, ನಾಟಕವಾದರೆ 2, ಕಥೆ ಕಾದಂಬರಿಯಾದರೆ 3. ತಮಿಳು ಸಾಹಿತ್ಯ 894.811, ಮಲಯಾಳ 894.812, ತೆಲುಗು 894.827. ಆದರೆ ಹಿಂದಿ, ಮರಾಠಿ, ಗುಜರಾತಿಗಳು ಅಲ್ಲಿಲ್ಲ, ಅವು 891.4ರ ಕೇರಿಯಲ್ಲಿವೆ. 894ರ ಕೇರಿಯಲ್ಲಿ ನಮ್ಮ ಜೊತೆಗಿರುವವರು ಯಾರು ಬಲ್ಲಿರಾ? ತುರ್ಕಿ, ಹಂಗೇರಿ, ಫಿನ್ಲೆಂಡ್ ಭಾಷೆಗಳವರು! ಬೆಳಗಾವಿಯಲ್ಲಿ ಗೋಡೆಗೆ ಗೋಡೆ ತಾಗಿ ಬಾಳುವ ಕನ್ನಡ ಮರಾಠಿಗಳು ಡ್ಯೂಯಿಯ ಕಪಾಟಿನಲ್ಲಿ ಬೇರೆಯಾಗಿ, ಬೇಂದ್ರೆಯವರು ಹಂಗೇರಿಯ ಕವಿಗಳ ಪಕ್ಕದಲ್ಲಿ ಕುಳಿತಿದ್ದಾರೆ.

ದೊಡ್ಡ ವಿಶ್ವವಿದ್ಯಾಲಯಗಳು ಬಳಸುವುದು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪದ್ಧತಿಯನ್ನು. ಅದರಲ್ಲಿ ಸಂಸ್ಕೃತ, ಹಿಂದಿ, ಮರಾಠಿಗಳು ಪಿಕೆ ಎಂಬ ವಿಭಾಗದಲ್ಲಿ. ನಾವು ಪಿಎಲ್ ವಿಭಾಗದಲ್ಲಿ, ಚೀನಾ, ಜಪಾನ್, ಕೊರಿಯಾ ಹಾಗೂ ಆಫ್ರಿಕಾದ ಭಾಷೆಗಳೊಂದಿಗೆ. ಕನ್ನಡ ಲೇಖಕರ ಕೃತಿಗಳು ಬಹುಪಾಲು ಪಿಎಲ್ 4659ರಲ್ಲಿ ದೊರೆಯುತ್ತವೆ. ತಾವು ಎಂದಾದರೂ ಶಿಕಾಗೋ ವಿಶ್ವವಿದ್ಯಾಲಯದ ರೆಗೆನ್‌ಸ್ಟೈನ್ ಗ್ರಂಥಾಲಯಕ್ಕೋ ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಹೋದರೆ ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು, ಊರಿನ ವಿಳಾಸ ಸಿಕ್ಕಂತೆ.

ಒಬ್ಬನೇ ಮನುಷ್ಯ ಹಲವು ಕೇರಿಗಳಲ್ಲಿ ವಾಸಿಸುವುದೂ ಉಂಟು. ಎ.ಕೆ. ರಾಮಾನುಜನ್ ಅವರು 1993ರಲ್ಲಿ ನಿಧನರಾಗುವವರೆಗೆ ಸುಮಾರು ಮೂರು ದಶಕಗಳ ಕಾಲ ಶಿಕಾಗೋದಲ್ಲಿ ಅಧ್ಯಾಪಕರಾಗಿದ್ದರು. ಅವರ ಇಂಗ್ಲಿಷ್ ಕವಿತೆಗಳು ಇಂಗ್ಲಿಷ್ ಸಾಹಿತ್ಯದ ವಿಭಾಗದಲ್ಲಿ, 1969ರ ‘ಹೊಕ್ಕುಳಲ್ಲಿ ಹೂವಿಲ್ಲ’ ಕನ್ನಡದಲ್ಲಿ, ಸಂಗಂ ಕಾವ್ಯದ ಅನುವಾದಗಳು ತಮಿಳಿನಲ್ಲಿ. ಮೂರು ಕೇರಿಗಳಲ್ಲಿ ಮೂರು ಮನೆ. ಇದರಲ್ಲಿ ತಪ್ಪೇನೂ ಇಲ್ಲ, ಎಲ್ಲವೂ ಅವರವೇ.

ಭಾಷೆಯ ಸಂಕೇತಕ್ಕೂ ಒಂದು ಕಥೆಯಿದೆ. ಗಣಕದ ಸೂಚಿಯಲ್ಲಿ ಪ್ರತಿ ಭಾಷೆಗೂ ಮೂರು ರೋಮನ್ ಅಕ್ಷರಗಳು. ಕನ್ನಡಕ್ಕೆ ಕೆ, ಎ, ಎನ್. ಕೊನೆಯ ‘ಎನ್’ ಬದಲು ಕೈತಪ್ಪಿ ‘ಯು’ ಬಿದ್ದರೆ ನೈಜೀರಿಯಾ ಕಡೆಯ ಕನೂರಿ ಭಾಷೆ. ‘ಆರ್’ ಬಿದ್ದರೆ ಬರ್ಮಾದ ಕರೆನ್. ಬೆರಳೊಂದು ಜಾರಿದರೆ ಧಾರವಾಡದ ಪುಸ್ತಕ ಇನ್ನೊಂದು ಖಂಡದಲ್ಲಿ! ಇನ್ನು ಬಾಯಿಮಾತಿನಲ್ಲಿ ಹೇಳಿದರಂತೂ ಡೆಟ್ರಾಯಿಟ್‌ನವರಿಗೆ ಬೇರೆಯೇ ಕಷ್ಟ. ನದಿಯಾಚೆ ಕಾಣುವ ವಿಂಡ್ಸರ್ ಕೆನಡಾ ದೇಶದ್ದು. ‘ಕನ್ನಡ ಪುಸ್ತಕ ಬೇಕು’ ಎಂದಾಗ ಕೆನಡಾದ ಪ್ರವಾಸಿ ಕೈಪಿಡಿಯನ್ನು ಪ್ರೀತಿಯಿಂದ ಕೈಗಿತ್ತ ಅನುಭವ ನನಗಂತೂ ಆಗಿದೆ. ತಮ್ಮಲ್ಲಿಯೂ ಹಲವರಿಗೆ ಆಗಿರಬಹುದು.

ಶೀರ್ಷಿಕೆಯನ್ನು ನಂಬಿದರೆ

ಭಾಷೆ ತಿಳಿಯದೆ ಕೇವಲ ಶೀರ್ಷಿಕೆಯ ಅನುವಾದವನ್ನು ನೋಡಿ ಸಂಕೇತ ಕೊಡಲು ಹೊರಟರೆ ಏನಾದೀತು ಎಂದು ಒಮ್ಮೆ ಊಹಿಸಿ ನೋಡಿ. ಭೈರಪ್ಪನವರ ‘ವಂಶವೃಕ್ಷ’ ವಂಶಾವಳಿ ಶಾಸ್ತ್ರದ 929ಕ್ಕೆ ಹೋಗುತ್ತದೆ. ಕಾರಂತರ ‘ಚೋಮನ ದುಡಿ’ ಚರ್ಮವಾದ್ಯಗಳ 786.9ಕ್ಕೆ. ಅವರದೇ ‘ಮರಳಿ ಮಣ್ಣಿಗೆ’ ಕೃಷಿಭೂಮಿಯ ಮಣ್ಣಿನ ವಿಜ್ಞಾನಕ್ಕೆ, 631.4. ‘ಮೂಕಜ್ಜಿಯ ಕನಸುಗಳು’ ಸ್ವಪ್ನಶಾಸ್ತ್ರಕ್ಕೆ. ಅನಂತಮೂರ್ತಿಯವರ ‘ಸಂಸ್ಕಾರ’ ಪೂಜಾವಿಧಿಗಳ ನಡುವೆ. ತಾವು ನಗುತ್ತಿದ್ದೀರಿ, ನಗಬೇಕಾದದ್ದೇ. ಇವೆಲ್ಲವೂ ಕಾದಂಬರಿಗಳೆಂದು ನಮಗೆ ಗೊತ್ತು. ಗೊತ್ತಿಲ್ಲದವರಿಗೆ ಹೇಳುವವರು ಯಾರು?

ನಗಲಾಗದ ಪ್ರಶ್ನೆಗಳೂ ಇವೆ. ವಚನಗಳು ಕಾವ್ಯವೋ, ಧರ್ಮವೋ? ಕಾವ್ಯವೆಂದರೆ 894.8141, ಶೈವಧರ್ಮವೆಂದರೆ 294.5513. ಪಂಪನ ಆದಿಪುರಾಣ ಮಹಾಕಾವ್ಯವೋ, ಜೈನಧರ್ಮದ 294.4ಕ್ಕೆ ಸೇರಿದ ಗ್ರಂಥವೋ? ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ರಾಮಾಯಣದ 294.5922ರಲ್ಲಿ ನಿಲ್ಲಬೇಕೋ, ಕನ್ನಡ ಕಾವ್ಯದಲ್ಲಿಯೋ? 1979ರಲ್ಲಿ ಬಂದ ‘ಪರ್ವ’ವನ್ನು ಮಹಾಭಾರತವೆಂದು ಕರೆಯಬೇಕೋ, ಕಾದಂಬರಿಯೆಂದೋ? ನನ್ನ ಅಭಿಪ್ರಾಯದಲ್ಲಿ ಇವು ನಾಲ್ಕೂ ಮೊದಲು ಕನ್ನಡ ಸಾಹಿತ್ಯ. ಬಸವಣ್ಣನವರ ವಚನಗಳನ್ನು ಧರ್ಮವೆಂದು ಓದಲು ಬಂದವನು ಸಾಹಿತ್ಯದ ಕಪಾಟಿನಲ್ಲಿ ಅವನ್ನು ಕಂಡರೆ ಬೇಸರಪಡಲಾರ. ಆದರೆ ಕನ್ನಡ ಕಾವ್ಯವನ್ನು ಅರಸಿ ಬಂದವನು ಧರ್ಮದ ಕಪಾಟಿಗೆ ಹೋಗುವುದೇ ಇಲ್ಲ. ತಾವು ಇದನ್ನು ಒಪ್ಪದಿರಬಹುದು. ಒಪ್ಪದಿದ್ದರೂ, ಇದನ್ನು ಯೋಚಿಸಿ ತೀರ್ಮಾನಿಸಬೇಕಾದವರು ನಾವು ಎಂಬುದನ್ನಾದರೂ ಒಪ್ಪುತ್ತೀರಿ ಎಂದು ನಂಬಿದ್ದೇನೆ.

ನಾನು ಮಾಡಿದ ತಪ್ಪು

ಈಗ ನನ್ನ ಕಥೆ. ಬಹಳ ವರ್ಷಗಳ ಹಿಂದೆ ನಾವು ವಾಸಿಸುತ್ತಿದ್ದ ಉಪನಗರದ ಗ್ರಂಥಾಲಯವೊಂದು, ಅದರ ಹೆಸರು ಇಲ್ಲಿ ಅಪ್ರಸ್ತುತ, ನಮ್ಮ ಮನವಿಯನ್ನು ಮನ್ನಿಸಿ 48 ಕನ್ನಡ ಪುಸ್ತಕಗಳನ್ನು ಕೊಳ್ಳಲು ಒಪ್ಪಿತು. ಅಲ್ಲಿನ ಗ್ರಂಥಪಾಲಕಿ ಅತ್ಯಂತ ಸೌಜನ್ಯದಿಂದ, ‘ಪಟ್ಟಿಯನ್ನು ನೀವೇ ಮಾಡಿ, ನಮಗೆ ಭಾಷೆ ತಿಳಿಯದು, ಆದ್ದರಿಂದ ಪ್ರತಿ ಪುಸ್ತಕದ ಮುಂದೆ ನಮ್ಮ ವರ್ಗ ಸಂಕೇತವನ್ನೂ ನೀವೇ ತುಂಬಿಕೊಡಿ’ ಎಂದು ಎರಡು ಪುಟಗಳ ಸಂಕೇತಪಟ್ಟಿಯನ್ನು ಕೊಟ್ಟರು. ಇಂಥ ವಿಶ್ವಾಸ ಎಷ್ಟು ಜನರಿಗೆ ದೊರೆತೀತು?

ಪುಸ್ತಕಗಳನ್ನು ಆರಿಸಲು ನಾವು ಮೂರು ವಾರಾಂತ್ಯಗಳನ್ನು ವ್ಯಯಿಸಿದೆವು. ವಾದ ಮಾಡಿದೆವು, ಮುನಿಸಿಕೊಂಡೆವು, ಕಾಫಿ ಕುಡಿದು ರಾಜಿಯಾದೆವು. ಸಂಕೇತ ತುಂಬುವ ಕೆಲಸವನ್ನು ಮಾತ್ರ ಗುಮಾಸ್ತೆಯ ಕೆಲಸವೆಂದು ಭಾವಿಸಿ ನಾನೊಬ್ಬನೇ ವಹಿಸಿಕೊಂಡೆ. ಆಸ್ಪತ್ರೆಯಲ್ಲಿ ರಾತ್ರಿಪಾಳಿ, ಇಬ್ಬರು ರೋಗಿಗಳ ನಡುವಿನ ಬಿಡುವಿನಲ್ಲಿ ಕುಳಿತು ಬರೆದೆ. ಪಟ್ಟಿಯ ಮೊದಲ ಪುಸ್ತಕ ದಾಸರ ಪದಗಳ ಸಂಗ್ರಹ. ಅದಕ್ಕೆ ಧರ್ಮದ ಸಂಕೇತ ಕೊಟ್ಟೆ. ಭಾಷೆಯ ಪಟ್ಟಿಯಲ್ಲಿ ಹಿಂದಿ, ಗುಜರಾತಿ, ಉರ್ದು, ತಮಿಳು, ತೆಲುಗು ಇದ್ದವು, ಕನ್ನಡವಿರಲಿಲ್ಲ. ನಮಗಾಗಿ ಒಂದು ಹೊಸ ಸಂಕೇತ ತೆರೆಯಿರಿ ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ. ‘ಇತರೆ’ ಎಂದು ಬರೆದೆ. ವಯಸ್ಸಿನ ಕಡೆ ‘ವಯಸ್ಕರು’ ಎಂದು ಬರೆದೆ. ಅಷ್ಟರಲ್ಲಿ ಕರೆ ಬಂತು. ಹಿಂದಿರುಗಿ ಬಂದವನು ಮೊದಲ ಸಾಲಿನ ಸಂಕೇತಗಳನ್ನೇ ಕೆಳಗಿನ 47 ಸಾಲುಗಳಿಗೂ ಎಳೆದುಬಿಟ್ಟೆ. ಬೆಳಿಗ್ಗೆ ಕಳುಹಿಸಿಯೂ ಬಿಟ್ಟೆ. ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿಂದ ಮಲಗಿದೆ.

ಮರುವರ್ಷದ ಬೇಸಿಗೆಯಲ್ಲಿ ನನ್ನ ತಾಯಿ ಬಂದರು. ಶಾಲೆಯ ಉಪಾಧ್ಯಾಯಿನಿಯಾಗಿ ನಿವೃತ್ತರಾದವರು; ಓದದೆ ದಿನ ಕಳೆದವರಲ್ಲ. ಆರು ತಿಂಗಳ ವಾಸ್ತವ್ಯಕ್ಕೆಂದು ತಂದಿದ್ದ ಪುಸ್ತಕಗಳು ಒಂದೇ ತಿಂಗಳಲ್ಲಿ ಮುಗಿದವು. ಹೆಮ್ಮೆಯಿಂದ ಅವರನ್ನು ಆ ಗ್ರಂಥಾಲಯಕ್ಕೆ ಕರೆದೊಯ್ದೆ. ಕೆಳ ಅಂತಸ್ತಿನಲ್ಲಿ ಭಾರತೀಯ ಭಾಷೆಗಳ ಕಪಾಟು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಒಂದೊಂದೇ ಬೆನ್ನುಚೀಟಿಯನ್ನು ಓದುತ್ತ ಈ ತುದಿಯಿಂದ ಆ ತುದಿಗೆ ನಡೆದರು. ನಂತರ ನನ್ನ ಕಡೆ ತಿರುಗಿ, ‘ಇಲ್ಲಿ ನಮ್ಮದು ಯಾವುದೂ ಇಲ್ಲವಲ್ಲಪ್ಪ’ ಎಂದರು. ಪುಸ್ತಕಗಳು ಇನ್ನೂ ಬಂದಿಲ್ಲವೇನೋ ಎಂದು ನಾನು ಸಮಾಧಾನ ಹೇಳಿದೆ. ಯಾರನ್ನಾದರೂ ವಿಚಾರಿಸುವಷ್ಟು ಪುರುಸೊತ್ತು ನನಗೆ ಆ ದಿನವೂ ಇರಲಿಲ್ಲ. ಅನಂತರವೂ ಇರಲಿಲ್ಲ. ಅವರು ಉಳಿದ ತಿಂಗಳುಗಳನ್ನು ಹಳೆಯ ವಾರಪತ್ರಿಕೆಗಳನ್ನು ಮತ್ತೆ ಮತ್ತೆ ಓದುತ್ತ ಕಳೆದರು. ಅದೇ ಅವರ ಕೊನೆಯ ಅಮೆರಿಕ ಪ್ರವಾಸವಾಯಿತು.

ಕೆಲವು ವರ್ಷಗಳಾದ ಮೇಲೆ ಮಗಳನ್ನು ಕರೆತರಲು ಅದೇ ಗ್ರಂಥಾಲಯಕ್ಕೆ ಹೋಗಿದ್ದೆ. ಬಾಗಿಲ ಬಳಿ ಹಳೆಯ ಪುಸ್ತಕಗಳನ್ನು ಮಾರುವ ತಳ್ಳುಗಾಡಿ. ಅದರಲ್ಲಿ ‘ಮರಳಿ ಮಣ್ಣಿಗೆ’ ಕಂಡಿತು. ತೆರೆದು ನೋಡಿದರೆ ಹೊಸದರ ವಾಸನೆ ಇನ್ನೂ ಪೂರ್ತಿಯಾಗಿ ಹೋಗಿರಲಿಲ್ಲ. ಒಳಗೆ ಸಂಗ್ರಹದಿಂದ ತೆಗೆದುಹಾಕಿದೆ ಎಂಬ ಮೊಹರು. ವಿಚಾರಿಸಿದಾಗ ಗ್ರಂಥಪಾಲಕರು ಗಣಕದಲ್ಲಿ ನೋಡಿ ವಿವರಿಸಿದರು. 48 ಪುಸ್ತಕಗಳೂ ಎರಡನೆಯ ಅಂತಸ್ತಿನಲ್ಲಿ ಧರ್ಮ ವಿಭಾಗದ ಕೊನೆಯಲ್ಲಿ ‘ಇತರೆ ಭಾಷೆಗಳು’ ಎಂಬ ಚೀಟಿಯೊಂದಿಗೆ ನಿಂತಿದ್ದವಂತೆ. ಮಕ್ಕಳ ಚಿತ್ರಪುಸ್ತಕಗಳೂ ಅಲ್ಲಿಯೇ. ಇಷ್ಟು ವರ್ಷಗಳಲ್ಲಿ ಎರವಲು ಹೋದದ್ದು ಶೂನ್ಯ. ‘ಬೇಡಿಕೆ ಇರಲಿಲ್ಲ’ ಎಂದರು ಅವರು. ಅವರ ಮುಂದಿದ್ದ ಅಂಕಿ ಹಾಗೆಯೇ ಹೇಳುತ್ತಿತ್ತು, ಅವರನ್ನು ದೂಷಿಸುವಂತಿರಲಿಲ್ಲ. ನನ್ನ ತಾಯಿ ಆ ಕಪಾಟಿನ ಕೆಳಗಿನ ಅಂತಸ್ತಿನಲ್ಲಿ ನಿಂತು ಅದೇ ಪುಸ್ತಕಗಳನ್ನು ಹುಡುಕಿದ್ದರು. ಅದು ಯಾವ ಲೆಕ್ಕದಲ್ಲಿಯೂ ದಾಖಲಾಗಿರಲಿಲ್ಲ. ಗಾಡಿಯಲ್ಲಿ ಉಳಿದಿದ್ದ 11 ಪುಸ್ತಕಗಳನ್ನು ಒಂದೊಂದು ಡಾಲರಿಗೆ ಕೊಂಡುತಂದೆ. ಅಷ್ಟು ಹೊತ್ತಿಗೆ ಅವನ್ನು ಓದಬೇಕಾದವರು ಇರಲಿಲ್ಲ.

ಗೋಧಿ ಮತ್ತು ಗ್ರಂಥ

ಸಂಕೇತ ಸರಿಯಾಗಿದ್ದರೆ ಏನಾಗಬಹುದು ಎಂಬುದಕ್ಕೂ ನಮ್ಮ ಈ ಎರಡು ಊರುಗಳಲ್ಲಿಯೇ ಒಳ್ಳೆಯ ನಿದರ್ಶನವಿದೆ. ಪಿ.ಎಲ್. 480 ಎಂದರೆ ಇಲ್ಲಿರುವ ಹಿರಿಯರಿಗೆ ರೇಷನ್ ಅಂಗಡಿಯ ಅಮೆರಿಕದ ಗೋಧಿ ನೆನಪಾಗುತ್ತದೆ. ಅದು 1954ರ ಕಾಯಿದೆ. ನಮ್ಮ ದೇಶ ಗೋಧಿಯ ಬೆಲೆಯನ್ನು ರೂಪಾಯಿಗಳಲ್ಲಿ ಕೊಡುತ್ತಿತ್ತು. ಆ ರೂಪಾಯಿಗಳು ಭಾರತದಲ್ಲಿಯೇ ಅಮೆರಿಕದ ಲೆಕ್ಕದಲ್ಲಿ ಸೇರುತ್ತಿದ್ದವು. 1958ರಲ್ಲಿ ಆ ಕಾಯಿದೆಗೆ ಒಂದು ತಿದ್ದುಪಡಿಯಾಗಿ, ಆ ಹಣದ ಒಂದು ಪಾಲಿನಿಂದ ಪುಸ್ತಕಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳುಹಿಸಲು ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಅಧಿಕಾರ ದೊರೆಯಿತು. ಆ ತಿದ್ದುಪಡಿಯನ್ನು ತಂದವರು ಯಾರು? ಡೆಟ್ರಾಯಿಟ್ ಪರಿಸರದ ಪ್ರತಿನಿಧಿಯಾಗಿದ್ದ ಜಾನ್ ಡಿಂಗೆಲ್ ಅವರು. 1955ರಿಂದ 2015ರವರೆಗೆ ಕಾಂಗ್ರೆಸ್ಸಿನಲ್ಲಿದ್ದ ಅದೇ ಡಿಂಗೆಲ್. 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆಯಿತು. ನಮ್ಮ ಮನೆಗಳಿಗೆ ಗೋಧಿ ಬಂತು. ಶಿಕಾಗೋ ಮತ್ತು ಆನ್ ಆರ್ಬರ್‌ಗಳಿಗೆ ಕನ್ನಡದ ಕಾದಂಬರಿಗಳೂ ಕವನ ಸಂಕಲನಗಳೂ ಬಂದವು.

ಅವು ಗೋದಾಮಿನ ಮೂಟೆಗಳಾಗದೆ ಗ್ರಂಥಗಳಾಗಿ ಉಳಿದದ್ದು ಹೇಗೆ? ದೆಹಲಿಯಲ್ಲಿ ಆಯಾ ಭಾಷೆ ಬಲ್ಲವರು ಕುಳಿತು ಭಾಷೆ, ವಿಷಯ, ಲೇಖಕರ ಹೆಸರು ಇವುಗಳನ್ನು ಗುರುತಿಸಿ ಸೂಚಿಗೆ ಸೇರಿಸಿದ್ದರಿಂದ. 1980ರ ದಶಕದಲ್ಲಿ ರೂಪಾಯಿಯ ವ್ಯವಸ್ಥೆ ಕೊನೆಗೊಂಡ ಮೇಲೆ ಗ್ರಂಥಾಲಯಗಳು ತಮ್ಮ ಹಣವನ್ನೇ ತೆತ್ತು, ಯಾವ ಭಾಷೆ, ಯಾವ ವಿಷಯ ಬೇಕೆಂದು ಗುರುತು ಮಾಡಿ ತರಿಸತೊಡಗಿದವು. ಕನ್ನಡದ ಮುಂದೆ ಗುರುತಿದ್ದರೆ ಪೆಟ್ಟಿಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಸಂಕೇತದ ಬೆಲೆ ಇಷ್ಟು ನೇರವಾದದ್ದು.

ರಂಗನಾಥನ್ ಅವರ ಮಾತು

ಈ ವಿಷಯದಲ್ಲಿ ನಮ್ಮವರೇ ಆದ ಒಬ್ಬ ಋಷಿಸದೃಶ ವ್ಯಕ್ತಿಯನ್ನು ಸ್ಮರಿಸದಿದ್ದರೆ ಅಪಚಾರವಾದೀತು. ಶಿಯಾಳಿ ರಾಮಾಮೃತ ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಜೋಡಿಸುವ ಆಟಿಕೆಯನ್ನು ನೋಡಿ, ಕೆಲವೇ ತುಂಡುಗಳಿಂದ ನಾನಾ ಆಕಾರಗಳನ್ನು ಕಟ್ಟುವಂತೆ ವಿಷಯಗಳನ್ನೂ ತುಂಡುಗಳಿಂದ ಕಟ್ಟಬಹುದೆಂದು ಅವರಿಗೆ ಹೊಳೆಯಿತು. 1933ರಲ್ಲಿ ಮೊದಲು ಪ್ರಕಟವಾದ ಅವರ ಕೋಲನ್ ವರ್ಗೀಕರಣ ಪದ್ಧತಿಗೆ ಮುಂದೆ ಕೊಡಲಾದ ಒಂದು ಪ್ರಸಿದ್ಧ ಉದಾಹರಣೆಯಿದೆ: ಎಲ್,45;421:6;253:ಎಫ್.44'ಎನ್5. ನನ್ನಂಥ ವೈದ್ಯನಿಗೆ ಇದು ಒಂದು ಪ್ರಿಸ್ಕ್ರಿಪ್ಷನ್ ಇದ್ದಂತೆ. ಎಲ್ ಎಂದರೆ ವೈದ್ಯಶಾಸ್ತ್ರ, 45 ಶ್ವಾಸಕೋಶ, 421 ಕ್ಷಯ, 6 ಚಿಕಿತ್ಸೆ, 253 ಕ್ಷಕಿರಣ, ಎಫ್ ಸಂಶೋಧನೆ, 44 ಭಾರತ, ಎನ್5 ಎಂದರೆ 1950ರ ದಶಕ. ಅಂದರೆ 1950ರ ದಶಕದಲ್ಲಿ ಭಾರತದಲ್ಲಿ ಶ್ವಾಸಕೋಶದ ಕ್ಷಯಕ್ಕೆ ಕ್ಷಕಿರಣ ಚಿಕಿತ್ಸೆಯನ್ನು ಕುರಿತ ಸಂಶೋಧನೆ. ‘ಇತರೆ’ ಎನ್ನುವ ಸೋಮಾರಿತನಕ್ಕೆ ಇದಕ್ಕಿಂತ ಉತ್ತಮವಾದ ಉತ್ತರ ಬೇಕೆ?

ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಈ ಶಾಸ್ತ್ರದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ಊರಿನಲ್ಲಿ ಕಣ್ಣುಮುಚ್ಚಿದರು. 1931ರಲ್ಲಿ ಅವರು ವಿಧಿಸಿದ ಐದು ಸೂತ್ರಗಳ ಭಾವ ಹೀಗೆ: ಪುಸ್ತಕ ಇರುವುದು ಬಳಕೆಗಾಗಿ, ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯ ಬೆಳೆಯುವ ಜೀವಿ. ನಾನು ಆ ರಾತ್ರಿ ಪಾಳಿಯಲ್ಲಿ ಕುಳಿತು ಮುರಿದದ್ದು ಎರಡನೆಯ ಮತ್ತು ಮೂರನೆಯ ಸೂತ್ರಗಳನ್ನು.

ನಾವು ಮಾಡಬಹುದಾದದ್ದು

ಬರಿಯ ಪಶ್ಚಾತ್ತಾಪದಿಂದ ರೋಗ ಗುಣವಾಗುವುದಿಲ್ಲ. ಆದ್ದರಿಂದ ಕೆಲವು ಸಲಹೆಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಮೊದಲನೆಯದು. ಗ್ರಂಥಾಲಯದ ಕಾರ್ಡುಳ್ಳವರು ‘ಈ ಪುಸ್ತಕವನ್ನು ತರಿಸಿ’ ಎಂದು ಸೂಚಿಸಲು ಬಹಳಷ್ಟು ಗ್ರಂಥಾಲಯಗಳಲ್ಲಿ ಅವಕಾಶವಿದೆ. ಸೂಚಿಸುವಾಗ ಪ್ರತಿ ಪುಸ್ತಕಕ್ಕೂ ಒಂದು ಚೀಟಿ ಬರೆಯೋಣ. ಅದರಲ್ಲಿ ಶೀರ್ಷಿಕೆ ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಇರಲಿ. ಲೇಖಕರ ಹೆಸರಿನಲ್ಲಿ ಯಾವುದು ಊರು, ಯಾವುದು ತಂದೆಯ ಹೆಸರು, ಯಾವುದು ಸ್ವಂತ ಹೆಸರು ಎಂದು ತಿಳಿಸೋಣ. ಕಾದಂಬರಿಯೋ ಕಾವ್ಯವೋ ವಿಚಾರವೋ, ಯಾವ ವಯಸ್ಸಿನವರಿಗೆ, ಕಥೆಯ ಸಾರಾಂಶ ಇಂಗ್ಲಿಷಿನಲ್ಲಿ ಎರಡು ವಾಕ್ಯ. ಇಷ್ಟಿದ್ದರೆ ಭಾಷೆ ಬಾರದ ಗ್ರಂಥಪಾಲಕರೂ ಸರಿಯಾದ ಸಂಕೇತವನ್ನೇ ಕೊಡುತ್ತಾರೆ.

ಎರಡನೆಯದು. ಪಟ್ಟಿಯಲ್ಲಿ ಕನ್ನಡಕ್ಕೆ ಪ್ರತ್ಯೇಕ ಸಂಕೇತವಿಲ್ಲದಿದ್ದರೆ ಕೇಳಿ ಪಡೆಯೋಣ. ಇದರಲ್ಲಿ ನ್ಯಾಯವಾದ ಒಂದು ಅಡಚಣೆಯೂ ಉಂಟು. ಹತ್ತೇ ಪುಸ್ತಕಗಳಿಗಾಗಿ ಒಂದು ಸಂಕೇತ, ಒಂದು ಕಪಾಟು, ಒಂದು ಫಲಕ ಮಾಡುವುದು ಚಿಕ್ಕ ಗ್ರಂಥಾಲಯಕ್ಕೆ ಭಾರ. ಆಗ ಅಕ್ಕಪಕ್ಕದ ಹತ್ತು ಊರುಗಳಲ್ಲಿ ಚೆಲ್ಲುವ ಬದಲು, ನಮ್ಮ ಕುಟುಂಬಗಳು ಹೆಚ್ಚಾಗಿರುವ ಒಂದೆರಡು ಊರುಗಳಲ್ಲಿ ಸಂಗ್ರಹ ಬೆಳೆಯುವಂತೆ ಮನವಿ ಮಾಡೋಣ. ಗ್ರಂಥಾಲಯಗಳ ನಡುವೆ ಎರವಲು ವ್ಯವಸ್ಥೆ ಹೇಗೂ ಇದೆ.

ಮೂರನೆಯದು. ಐ.ಎಸ್.ಬಿ.ಎನ್. ಸಂಖ್ಯೆಯಿಲ್ಲದ ಪುಸ್ತಕವನ್ನು ಸರಬರಾಜುದಾರರ ಮೂಲಕ ತರಿಸುವುದು ಕಷ್ಟ. ಭಾರತದ ಪುಸ್ತಕಗಳ ಸಂಖ್ಯೆಯಲ್ಲಿ 978ರ ನಂತರ 81 ಅಥವಾ 93 ಬರುತ್ತದೆ. ಊರಿಗೆ ಹೋದಾಗ ಪರಿಚಯದ ಪ್ರಕಾಶಕರಿಗೆ, ಬರೆಯುವ ನೆಂಟರಿಗೆ ಈ ಮಾತನ್ನು ಹೇಳಿ. ಅವರ ಪುಸ್ತಕ ಸಮುದ್ರ ದಾಟಲು ಇದು ಪಾಸ್‌ಪೋರ್ಟ್ ಇದ್ದಂತೆ.

ನಾಲ್ಕನೆಯದು. ನೆಲಮಾಳಿಗೆಯ ಹಳೆಯ ಪುಸ್ತಕಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಗ್ರಂಥಾಲಯದ ಬಾಗಿಲಲ್ಲಿ ಇಟ್ಟುಬರುವುದು ಕನ್ನಡ ಸೇವೆಯಲ್ಲ. ಅವು ಬಹುಮಟ್ಟಿಗೆ ಕಪಾಟಿಗೆ ಸೇರದೆ ನೇರವಾಗಿ ಮಾರಾಟದ ಗಾಡಿಗೆ ಹೋಗುತ್ತವೆ. ಕೊಡುವುದಾದರೆ ಮೊದಲು ಕೇಳಿ, ಚೀಟಿ ಬರೆದು ಕೊಡೋಣ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಬಂದ ಪುಸ್ತಕಗಳನ್ನು ಎರವಲು ತೆಗೆದುಕೊಳ್ಳೋಣ. ಓದಲು ಸಮಯವಿಲ್ಲದಿದ್ದರೆ ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಮೊದಲ ವಾರದಲ್ಲಿಯೇ ಕಾರ್ಡು ಮಾಡಿಸಿಕೊಡಲು ಸಾಧ್ಯವೇ ಎಂದು ವಿಚಾರಿಸಿ, ಇಲ್ಲದಿದ್ದರೆ ನಮ್ಮ ಕಾರ್ಡಿನಲ್ಲಿಯೇ ತಂದುಕೊಡೋಣ. ಅವರಿಗಿಂತ ಉತ್ತಮ ಓದುಗರು ನಮ್ಮಲ್ಲಿ ಯಾರಿದ್ದಾರೆ? ಒಂದು ಪುಸ್ತಕ ಒಮ್ಮೆ ಹೊರಹೋದರೆ ಲೆಕ್ಕದಲ್ಲಿ ಶೂನ್ಯ ಒಂದಾಗುತ್ತದೆ. ಆ ಒಂದರಿಂದ ಮುಂದಿನ ವರ್ಷದ ಹಣ ಬರುತ್ತದೆ.

ಇನ್ನು ಮಕ್ಕಳಿಗೆ ಒಂದು ಮಾತು. ಶಾಲೆಯಲ್ಲಿ ‘ಮನೆಯಲ್ಲಿ ಆಡುವ ಭಾಷೆ’ ಎಂಬ ಕಲಂ ಬಂದಾಗ, ಪಟ್ಟಿಯಲ್ಲಿ ಕನ್ನಡ ಕಾಣದಿದ್ದರೆ ನೀವು ‘ಇತರೆ’ ಎಂದು ಗುರುತು ಹಾಕಿ ಸುಮ್ಮನಾಗುತ್ತೀರಿ. ಪಕ್ಕದ ಖಾಲಿ ಗೆರೆಯ ಮೇಲೆ ಕನ್ನಡ ಎಂದು ಬರೆಯಿರಿ. ಅದಕ್ಕೆ ಆರೇಳು ಅಕ್ಷರಗಳು ಸಾಕು.

ನನ್ನ ತಾಯಿಯ ಆ 11 ಪುಸ್ತಕಗಳಲ್ಲಿ, ನಾನು ಅವು ತಾಯಿಯವೆಂದೇ ಭಾವಿಸಿದ್ದೇನೆ, 10 ಪುಸ್ತಕಗಳನ್ನು ಕಳೆದ ವರ್ಷ ಇನ್ನೊಂದು ಗ್ರಂಥಾಲಯಕ್ಕೆ ಚೀಟಿ ಬರೆದು ಒಪ್ಪಿಸಿದೆ. ಒಂದೊಂದು ಚೀಟಿಗೂ ಅರ್ಧ ಗಂಟೆ ಹಿಡಿಯಿತು. ಈ ಸಲ ಯಾವ ಸಾಲನ್ನೂ ಕೆಳಕ್ಕೆ ಎಳೆಯಲಿಲ್ಲ. ಹನ್ನೊಂದನೆಯದನ್ನು, ‘ಮರಳಿ ಮಣ್ಣಿಗೆ’ಯನ್ನು, ನನ್ನಲ್ಲಿಯೇ ಇಟ್ಟುಕೊಂಡಿದ್ದೇನೆ, ಅದರ ಬೆನ್ನಿನ ತಪ್ಪು ಚೀಟಿಯನ್ನು ಕಿತ್ತಿಲ್ಲ.

ಖಾಲಿ ಚೀಟಿಗಳ ಕಟ್ಟೊಂದನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಕಾಫಿಗೆ ಹೋಗುವಾಗ ದಯವಿಟ್ಟು ಒಂದೊಂದನ್ನು ತೆಗೆದುಕೊಳ್ಳಿ.